ಏಪ್ರಿಲ್ 2ರ ಫೋಟೊ ಸಾಕು, ಕೋಣೆ ಸಂಖ್ಯೆ ಬರೆಯಿರಿ: ಮೂರು ಜಿಲ್ಲೆಗಳ ಸುದ್ದಿಮನೆಗಳಿಗೆ ಬಹಿರಂಗ ಪತ್ರ

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಪತ್ರಿಕಾ ಸಂಪಾದಕರು, ವರದಿಗಾರರು, ಆಕಾಶವಾಣಿಯವರು, ಕೇಬಲ್ ಮತ್ತು ಯೂಟ್ಯೂಬ್ ಸುದ್ದಿ ವಾಹಿನಿಯವರು ಹಾಗೂ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಅಧಿಕಾರಿಗಳಿಗೆ,

ಮಾನ್ಯರೇ,

ವಿಶ್ವಸಂಸ್ಥೆ 2007ರಲ್ಲಿ ಮಾಡಿದ ನಿರ್ಣಯದಂತೆ 2008ರಿಂದ ಪ್ರತಿವರ್ಷ ಏಪ್ರಿಲ್ 2 ವಿಶ್ವ ಆಟಿಸಂ ಜಾಗೃತಿ ದಿನ. ನಮ್ಮಲ್ಲೂ ಅವತ್ತು ಜಾಥಾ ಹೊರಡುತ್ತದೆ, ನೀಲಿ ಬಲೂನು ಹಾರುತ್ತವೆ, ಮರುದಿನ ಒಳಪುಟದಲ್ಲಿ ಫೋಟೊ ಬರುತ್ತದೆ. (ಜೋರು ಶಬ್ದ ತಾಳಲಾರದ ಮಕ್ಕಳ ಹೆಸರಿನಲ್ಲಿ ಡೊಳ್ಳು ಬಾರಿಸುತ್ತ ಮೆರವಣಿಗೆ ಮಾಡುವುದು ಯಾರ ತಲೆಗೆ ಹೊಳೆಯಿತೋ!) ಸುದ್ದಿಯಲ್ಲಿ ವೇದಿಕೆ ಮೇಲಿದ್ದವರ ಹೆಸರಿಗೆ ಏಳೆಂಟು ಸಾಲು, ಆಟಿಸಂಗೆ ಒಂದು ಸಾಲು. ಮಸ್ಕಿ ಕಡೆಯ ಹಳ್ಳಿಯ ತಾಯಿಯೊಬ್ಬಳು ಅದನ್ನು ಓದಿದರೆ, ನಾಳೆ ಬೆಳಿಗ್ಗೆ ಮಗುವನ್ನು ಎಲ್ಲಿಗೆ ಕರೆದೊಯ್ಯಬೇಕು ಎಂಬುದು ಗೊತ್ತಾಗುವುದಿಲ್ಲ. ನಮ್ಮ ತಕರಾರು ಇದೊಂದೇ. ಓದಿದವರು ಮರುದಿನ ಏನು ಮಾಡಬಹುದೋ ಅದನ್ನು ಬರೆಯಿರಿ.

ಮೊದಲು, ಏನನ್ನು ನೋಡಬೇಕು ಎಂಬುದು. ಆಟಿಸಂ ಮಿದುಳಿನ ಬೆಳವಣಿಗೆಯಲ್ಲೇ ಇರುವ ವ್ಯತ್ಯಾಸ. ಇತರರೊಡನೆ ಬೆರೆಯುವ, ಮಾತಾಡುವ ರೀತಿ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು, ಶಬ್ದ-ಬೆಳಕು-ಸ್ಪರ್ಶಕ್ಕೆ ತೀರಾ ಹೆಚ್ಚು ಅಥವಾ ತೀರಾ ಕಡಿಮೆ ಸ್ಪಂದಿಸುವುದು, ಇವುಗಳಲ್ಲಿ ಅದು ಕಾಣುತ್ತದೆ. ವಯಸ್ಸು ಹಾಕದೆ ಲಕ್ಷಣ ಬರೆದರೆ ಓದುಗರಿಗೆ ಏನೂ ಉಪಯೋಗವಿಲ್ಲ. ‘ಮಗು ಒಂಟಿಯಾಗಿ ಆಡುತ್ತದೆ’ ಎಂದರೆ ಯಾವ ಮಗುವಿಗೂ ಹೊಂದುತ್ತದೆ. ಹೀಗೆ ಬರೆಯಿರಿ: ಒಂದು ವರ್ಷ ತುಂಬಿದರೂ ಹೆಸರು ಕರೆದರೆ ಹೊಳ್ಳಿ ನೋಡುವುದಿಲ್ಲ, ಟಾಟಾ ಮಾಡುವುದಿಲ್ಲ. ಒಂದೂವರೆ ವರ್ಷಕ್ಕೂ ಬೇಕಾದದ್ದನ್ನು ಬೊಟ್ಟು ಮಾಡಿ ತೋರಿಸುವುದಿಲ್ಲ, ಗೊಂಬೆಗೆ ಊಟ ಮಾಡಿಸುವಂಥ ಸುಳ್ಳುಸುಳ್ಳೇ ಆಟ ಆಡುವುದಿಲ್ಲ. ಎರಡು ವರ್ಷಕ್ಕೂ ‘ಅವ್ವ ಬಾ’, ‘ನೀರು ಕೊಡು’ ಎಂದು ಎರಡು ಪದ ತಾನಾಗಿ ಕೂಡಿಸುವುದಿಲ್ಲ; ಟಿವಿ ಜಾಹೀರಾತನ್ನು ಹಾಗೇ ಒಪ್ಪಿಸುವುದು ಲೆಕ್ಕಕ್ಕಿಲ್ಲ. ಬಂದಿದ್ದ ಮಾತು ಯಾವ ವಯಸ್ಸಿನಲ್ಲಾದರೂ ನಿಂತುಹೋದರೆ ಒಂದು ದಿನವೂ ಕಾಯಬಾರದು. ಇಷ್ಟು ಎರಡು ಕಾಲಂ, ಹತ್ತು ಸೆಂಟಿಮೀಟರ್‌ನ ಬಾಕ್ಸ್‌ನಲ್ಲಿ ಹಿಡಿಯುತ್ತದೆ. ಕೊನೆಯಲ್ಲಿ ಒಂದು ಸಾಲು ಬಿಡಬೇಡಿ: ಇವುಗಳಲ್ಲಿ ಒಂದು ಕಂಡ ಮಾತ್ರಕ್ಕೆ ಆಟಿಸಂ ಎಂದಲ್ಲ, ತೋರಿಸಬೇಕು ಎಂದಷ್ಟೇ ಅರ್ಥ.

ಇದನ್ನೇ ‘ನಿಮ್ಮ ಮಗುವಿಗೆ ಆಟಿಸಂ ಇದೆಯೇ? ಅಂಕ ಹಾಕಿ ನೋಡಿ’ ಎಂಬ ರಸಪ್ರಶ್ನೆ ಮಾಡಬೇಡಿ. ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿ ಇರುವುದು 16ರಿಂದ 30 ತಿಂಗಳ ಮಕ್ಕಳ ತಪಾಸಣೆಗೆ ಮಾತ್ರ. ಅದರಲ್ಲಿ 3ರಿಂದ 7 ಅಂಕ ಬಂದರೆ ಅದೇ ಪ್ರಶ್ನೆಗಳನ್ನು ಬಿಡಿಸಿ ಬಿಡಿಸಿ ಇನ್ನೊಮ್ಮೆ ಕೇಳಬೇಕು, 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೇರ ತಜ್ಞರ ಬಳಿ ಕಳಿಸಬೇಕು. ಎರಡನೆಯ ಸುತ್ತಿನ ಪ್ರಶ್ನೆ ಬಿಟ್ಟು ಅಂಕ ಮಾತ್ರ ಅಚ್ಚಾದರೆ ಹತ್ತಾರು ಮನೆಯವರು ಸುಮ್ಮನೆ ಹೆದರುತ್ತಾರೆ.

ಇನ್ನು ಎಲ್ಲಿಗೆ ಹೋಗಬೇಕು ಎಂಬುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ (ಆರ್‌ಬಿಎಸ್‌ಕೆ) 2013ರಿಂದ ಇದೆ. ಅದರ ಸಂಚಾರಿ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಅನುಮಾನ ಬಂದ ಮಗುವನ್ನು ಜಿಲ್ಲಾ ಮಟ್ಟದ ಡಿಇಐಸಿಗೆ, ಅಂದರೆ ಬೆಳವಣಿಗೆಯ ತೊಂದರೆಗಳನ್ನು ಬೇಗ ಪತ್ತೆಮಾಡಿ ಥೆರಪಿ ಕೊಡುವ ಕೇಂದ್ರಕ್ಕೆ, ಕಳಿಸಬೇಕು. ತಪಾಸಣೆ, ಚಿಕಿತ್ಸೆ ಎರಡೂ ಉಚಿತ. ಕಾಗದದ ಮೇಲೆ ಈ ದಾರಿ ಸರಳ. ನೆಲದ ಮೇಲೆ ಅದು ಎಲ್ಲಿ ಕಡಿಯುತ್ತದೆ ಎಂಬುದನ್ನು ಬರೆಯಬೇಕಾದವರು ನೀವು. ಒಂದು ಕಡಿತ ನಮ್ಮ ಭಾಗದ್ದೇ. ದೇವದುರ್ಗ, ಲಿಂಗಸುಗೂರು, ಕುಷ್ಟಗಿ ಕಡೆಯ ಕುಟುಂಬಗಳು ಬೆಂಗಳೂರಿಗೆ ಗುಳೆ ಹೋದಾಗ ಅಂಗನವಾಡಿಗೆ ತಂಡ ಬಂದರೆ ಆ ಮಗು ‘ಗೈರು’. ಬೆಂಗಳೂರಿನಲ್ಲಿ ಕಟ್ಟಡದ ಶೆಡ್ಡಿನಲ್ಲಿರುವ ಮಗುವಿನ ಹೆಸರು ಅಲ್ಲಿನ ಅಂಗನವಾಡಿಯ ಪಟ್ಟಿಯಲ್ಲೂ ಇರುವುದಿಲ್ಲ. ಹಾಗಾಗಿ ಆಟಿಸಂ ಕುರಿತ ನಿಮ್ಮ ಬರಹ, ಬಾನುಲಿ ಕಾರ್ಯಕ್ರಮ ಏಪ್ರಿಲ್ 2ಕ್ಕೇ ಅಂಟಿಕೊಳ್ಳಬೇಕಿಲ್ಲ. ದುಡಿಯಲು ಹೋದವರು ಊರಿಗೆ ಬರುವುದು ಯುಗಾದಿಗೆ, ಮೊಹರಂಗೆ, ಊರ ಜಾತ್ರೆಗೆ. ಆ ವಾರ ಅಚ್ಚು ಹಾಕಿ, ಆ ವಾರ ಪ್ರಸಾರ ಮಾಡಿ.

ಕಿವಿ ಪರೀಕ್ಷೆಯ ವಿಷಯ ತುಸು ಬಿಡಿಸಿ ಹೇಳಬೇಕು, ಏಕೆಂದರೆ ಕುಟುಂಬಗಳು ಇಲ್ಲೇ ಕೈಚೆಲ್ಲುತ್ತವೆ. ಮಾತು ಬಾರದ ಮಗುವಿಗೆ ಮೊದಲು ಶ್ರವಣ ಪರೀಕ್ಷೆ ಆಗಬೇಕು. ಅದರಲ್ಲಿ ‘ಬೇರಾ’ ಎಂಬುದು ಮಗು ನಿದ್ದೆಯಲ್ಲಿದ್ದಾಗ ಹಣೆಗೆ, ಕಿವಿಯ ಹಿಂದೆ ಎಲೆಕ್ಟ್ರೋಡ್ ಅಂಟಿಸಿ ಮಾಡುವ ಪರೀಕ್ಷೆ. ಆಸ್ಪತ್ರೆಗೆ ಹೋಗುವುದೆಂದು ತಾಯಿ ಮಗುವಿಗೆ ತಲೆತುಂಬ ಎಣ್ಣೆ ಹಚ್ಚಿ ಬಾಚಿರುತ್ತಾಳೆ, ಎಲೆಕ್ಟ್ರೋಡ್ ಕೂರುವುದಿಲ್ಲ. ನಸುಕಿನ ಬಸ್ಸಿನಲ್ಲಿ ಎರಡು ತಾಸು ನಿದ್ದೆ ಹೊಡೆದ ಮಗು ಆಸ್ಪತ್ರೆಯಲ್ಲಿ ಕಣ್ಣು ಮುಚ್ಚುವುದಿಲ್ಲ. ಪರೀಕ್ಷೆ ಆಗದೆ ‘ಮುಂದಿನ ವಾರ ಬನ್ನಿ’ ಎಂಬ ಚೀಟಿ ಸಿಗುತ್ತದೆ, ಒಂದು ದಿನದ ಕೂಲಿ ಹೋಗುತ್ತದೆ, ಮುಂದಿನ ವಾರ ಅವರು ಬರುವುದಿಲ್ಲ. ಇದನ್ನು ತಪ್ಪಿಸಲು ಬೇಕಿರುವುದು ಪತ್ರಿಕೆಯ ಮೂರು ಸಾಲು: ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ, ಬಸ್ಸಿನಲ್ಲಿ ಮಲಗಲು ಬಿಡಬೇಡಿ, ತಲೆ ತೊಳೆದು ಎಣ್ಣೆ ಹಚ್ಚದೆ ಕರೆತನ್ನಿ, ಹಾಲಿನ ಬಾಟಲಿ, ಮಗುವಿನ ಹಾಸಿಗೆ ಬಟ್ಟೆ ಜೊತೆಗಿರಲಿ. ಅದರ ಕೆಳಗೆ ಬಳ್ಳಾರಿಯ ಬಿಎಂಸಿಆರ್‌ಸಿ (ಹಿಂದಿನ ವಿಮ್ಸ್), ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಸರ್ಕಾರಿ ಆಸ್ಪತ್ರೆಗಳಿಗೆ ನೀವೇ ಹೋಗಿ ಕೇಳಿ ತಂದ ವಾರ, ವೇಳೆ, ಕೋಣೆ ಸಂಖ್ಯೆ. ಮೂರು ತಿಂಗಳಿಗೊಮ್ಮೆ ಮತ್ತೆ ಕೇಳಿ ತಿದ್ದಿ. ವೈದ್ಯರ ದಿನಗಳು ಬದಲಾಗುತ್ತಲೇ ಇರುತ್ತವೆ.

ಅಕ್ಷರ ಬಾರದವರಿಗೆ ರೇಡಿಯೊ ಇದೆ. ರಾಯಚೂರು, ಹೊಸಪೇಟೆ ಆಕಾಶವಾಣಿಯ ಕೃಷಿ ಕಾರ್ಯಕ್ರಮದ ಹಿಂದುಮುಂದಿನ ಒಂದು ನಿಮಿಷ ಸಾಕು. ತಜ್ಞರನ್ನು ಕೂರಿಸಿ ಅರ್ಧ ತಾಸು ಸಂದರ್ಶನ ಮಾಡುವುದಕ್ಕಿಂತ ಈ ನಮೂನೆಯದು ಕಿವಿಗೆ ಬೀಳುತ್ತದೆ:

ಟೀಚರ್: ಯಾಕವಾ ಹುಲಿಗೆಮ್ಮ, ಕೂಸಿಗೆ ಎಷ್ಟ್ ತಿಂಗಳಾತು?
ತಾಯಿ: ಒಂದೂವರಿ ವರ್ಷ ತುಂಬೇತ್ರಿ ಟೀಚರ್.
ಟೀಚರ್: ಹೆಸರ್ ಹಿಡಿದು ಕರದ್ರ ಹೊಳ್ಳಿ ನೋಡ್ತಾನೇನು?
ತಾಯಿ: ಇಲ್ರಿ. ಕಿವಿ ಕೇಳಂಗಿಲ್ಲೇನೋ ಅಂದ್ಕೊಂಡ್ವಿ. ಆದ್ರ ಕುಕ್ಕರ್ ಸೀಟಿ ಹೊಡದ್ರ ಕಿವಿ ಮುಚ್ಕೊಂಡು ಅಳ್ತಾನ್ರಿ.
ಟೀಚರ್: ಏನರ ಬೇಕಾದ್ರ ಬೊಟ್ಟು ಮಾಡಿ ತೋರಸ್ತಾನ?
ತಾಯಿ: ಬೊಟ್ಟು ಮಾಡಂಗಿಲ್ರಿ. ನನ್ನ ಕೈ ಹಿಡಕೊಂಡು ಹೋಗಿ ಬಿಸ್ಕಿಟ್ ಡಬ್ಬಿ ಮ್ಯಾಲ ಇಡ್ತಾನ. ಅವರಪ್ಪನೂ ತಡಾ ಮಾತಾಡಿದ್ನಂತ, ಸುಮ್ನಿರು ಅಂತಾರ ನಮ್ಮತ್ತಿ.
ಟೀಚರ್: ಸುಮ್ನ ಕುಂದ್ರಬ್ಯಾಡವಾ. ಸೋಮವಾರ ಜಿಲ್ಲಾ ಆಸ್ಪತ್ರಿಗೆ ಹೋಗು. ಮೊದಲು ಕಿವಿ ಟೆಸ್ಟ್ ಮಾಡ್ತಾರ, ಆಮ್ಯಾಲ ಮಕ್ಕಳ ಡಾಕ್ಟ್ರು ನೋಡ್ತಾರ. ರೊಕ್ಕ ಹತ್ತಂಗಿಲ್ಲ. ಆಶಾ ಕಾರ್ಯಕರ್ತಿಗೆ ಹೇಳ್ತೀನಿ, ಜೋಡಿ ಬರ್ತಾಳ.

ತಾಯಿಯ ಕೈಯನ್ನೇ ಸಲಕರಣೆಯಂತೆ ಬಳಸುವುದು, ಕರೆದರೆ ನೋಡದವನು ಕುಕ್ಕರ್ ಸದ್ದಿಗೆ ಬೆಚ್ಚುವುದು, ಅತ್ತೆಯ ಸಮಾಧಾನದ ಮಾತು: ಮೂರೂ ಇದರಲ್ಲಿ ಬಂದಿವೆ. ಇದನ್ನೇ ತೆಲುಗು, ಉರ್ದುವಿನಲ್ಲೂ ಮಾಡಿ. ಸಿರುಗುಪ್ಪ, ರಾಯಚೂರು ಕಡೆ ಕನ್ನಡವೊಂದೇ ಸಾಲದು.

ನೀವು ನಿಲ್ಲಿಸಬೇಕಾದ ಕೆಲವು ಸಂಗತಿಗಳೂ ಇವೆ. ‘ಮೊಬೈಲ್ ನೋಡಿ ಆಟಿಸಂ ಬಂತು’ ಎಂಬ ಸುದ್ದಿ, ಅದಕ್ಕೆ ‘ವರ್ಚುವಲ್ ಆಟಿಸಂ’ ಎಂಬ ಹೆಸರು ಈಗ ಎಲ್ಲ ವಾಹಿನಿಗಳಲ್ಲೂ ಓಡಾಡುತ್ತಿದೆ. ರೋಗನಿರ್ಣಯಕ್ಕೆ ವೈದ್ಯರು ಬಳಸುವ ಡಿಎಸ್‌ಎಂ-5ರಲ್ಲಾಗಲಿ ಐಸಿಡಿ-11ರಲ್ಲಾಗಲಿ ಆ ಹೆಸರಿನ ಸ್ಥಿತಿ ಇಲ್ಲ. ಮೊಬೈಲ್ ಅತಿಯಾದರೆ ಮಾತು ತಡವಾಗಬಹುದು, ನಿದ್ದೆ ಕೆಡಬಹುದು. ಅದು ಬೇರೆ ಮಾತು. ಈ ಸುದ್ದಿ ನೋಡಿದ ಮನೆಯವರು ಮೊಬೈಲ್ ಕಸಿದು ‘ಆರು ತಿಂಗಳು ನೋಡೋಣ’ ಎಂದು ಕೂರುತ್ತಾರೆ. ಎರಡು ವರ್ಷದ ಮಗುವಿಗೆ ಆರು ತಿಂಗಳೆಂದರೆ ಅದರ ಆಯಸ್ಸಿನ ಕಾಲುಭಾಗ. ಜೊತೆಗೆ ಬೈಗುಳ ತಾಯಿಯ ಪಾಲಿಗೆ. ಹಿಂದೆ ತಾಯಿಗೆ ಮಮತೆ ಇಲ್ಲದ್ದರಿಂದ ಆಟಿಸಂ ಬರುತ್ತದೆ ಎಂದು ವಿದೇಶದ ವೈದ್ಯರೇ ನಂಬಿದ್ದರು. ಆ ವಾದ ಸತ್ತು ದಶಕಗಳಾದವು. ಈಗ ಮೊಬೈಲ್ ನೆಪದಲ್ಲಿ ಅದನ್ನು ಎಬ್ಬಿಸಬೇಡಿ.

ಲಸಿಕೆಯ ಕಥೆಯೂ ಹಾಗೆಯೇ. 1998ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೇಖನವೊಂದು ಎಂಎಂಆರ್ (ದಡಾರ, ಮಂಗಬಾವು, ರುಬೆಲ್ಲಾ) ಲಸಿಕೆಗೂ ಆಟಿಸಂಗೂ ಗಂಟು ಹಾಕಿತು. 2010ರಲ್ಲಿ ಪತ್ರಿಕೆ ಅದನ್ನು ಹಿಂಪಡೆಯಿತು. 2019ರಲ್ಲಿ ಡೆನ್ಮಾರ್ಕಿನ 6.5 ಲಕ್ಷಕ್ಕೂ ಹೆಚ್ಚು ಮಕ್ಕಳ ಮೇಲಿನ ಅಧ್ಯಯನವೂ ಅಂಥ ಸಂಬಂಧವಿಲ್ಲ ಎಂದು ತೋರಿಸಿತು. 2017ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೆದಾಗ ವಾಟ್ಸ್‌ಆ್ಯಪ್ ವದಂತಿಗಳು ಹೇಗೆ ಹಬ್ಬಿದವು ಎಂಬುದು ನಿಮಗೇ ನೆನಪಿರಬೇಕು. ವದಂತಿಯನ್ನು ಶೀರ್ಷಿಕೆಯಲ್ಲಿಟ್ಟು ಉತ್ತರವನ್ನು ಕೊನೆಯ ಸಾಲಿನಲ್ಲಿಡುವ ರೂಢಿ ಬಿಡಿ. ಜನ ಓದುವುದು ಶೀರ್ಷಿಕೆಯನ್ನು.

‘ಆಟಿಸಂ ಶೇ 100 ಗುಣ’ ಎಂಬ ಜಾಹೀರಾತಿನ ಬಗ್ಗೆ ಸಂಪಾದಕೀಯದವರು ‘ಅದು ಜಾಹೀರಾತು ವಿಭಾಗದ್ದು’ ಎಂದು ಕೈತೊಳೆದುಕೊಳ್ಳುತ್ತಾರೆ. ಓದುಗರಿಗೆ ಎರಡೂ ಒಂದೇ ಪತ್ರಿಕೆ. ಆಟಿಸಂಗೆ ಸ್ಟೆಮ್ ಸೆಲ್ (ಆಕರ ಕೋಶ) ಚಿಕಿತ್ಸೆಯನ್ನು ಶಿಫಾರಸು ಮಾಡುವಂತಿಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೈತಿಕತೆ ಮಂಡಳಿ 2022ರಲ್ಲೇ ಹೇಳಿದೆ. ಹೊಲ, ಒಡವೆ ಅಡವಿಟ್ಟು ಹೋಗುವವರು ಇದನ್ನು ಎಲ್ಲೂ ಓದಿರುವುದಿಲ್ಲ. ದೇಹದ ಲೋಹ ತೆಗೆಯುತ್ತೇವೆ ಎನ್ನುವ ಚೀಲೇಷನ್‌ನಿಂದ 2005ರಲ್ಲಿ ಅಮೆರಿಕದಲ್ಲಿ ಆಟಿಸಂ ಇದ್ದ ಐದು ವರ್ಷದ ಮಗು ಸತ್ತಿದೆ. ಆಟಿಸಂಗೆಂದೇ ಇರುವ ಮಾತ್ರೆ, ಇಂಜೆಕ್ಷನ್ ಯಾವುದೂ ಇಲ್ಲ. ಮೂರ್ಛೆ, ನಿದ್ದೆ, ವಿಪರೀತ ಸಿಟ್ಟು ಜೊತೆಗಿದ್ದರೆ ವೈದ್ಯರು ಅವಕ್ಕೆ ಮದ್ದು ಕೊಡುತ್ತಾರೆ. ಉಳಿದದ್ದು ಕಲಿಕೆ: ವಾಕ್ ಥೆರಪಿ, ದಿನನಿತ್ಯದ ಕೆಲಸ ಕಲಿಸುವ ಆಕ್ಯುಪೇಷನಲ್ ಥೆರಪಿ, ಶಾಲೆ, ಎಲ್ಲಕ್ಕಿಂತ ಹೆಚ್ಚಾಗಿ ಮನೆಯವರು ದಿನವೂ ಮಾಡುವ ಕೆಲಸ. ಗೋವಾ ಮತ್ತು ರಾವಲ್ಪಿಂಡಿಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರೇ ತರಬೇತಿ ಪಡೆದು ತಂದೆತಾಯಿಗೆ ಕಲಿಸಿದರು. ಮಕ್ಕಳು ತಾವಾಗಿ ಸಂವಹನಕ್ಕೆ ಮುಂದಾಗುವುದು ಹೆಚ್ಚಿತು. ಥೆರಪಿಸ್ಟರೇ ಸಿಗದ ನಮ್ಮ ತಾಲ್ಲೂಕುಗಳಲ್ಲಿ ಮುಖಪುಟಕ್ಕೆ ಬರಬೇಕಾದ ಸುದ್ದಿ ಇದು. ಬಂದದ್ದು ಕಾಣೆವು.

ಅಂಕಿಅಂಶ ಬರೆಯುವಾಗ ‘31ರಲ್ಲಿ ಒಂದು ಮಗುವಿಗೆ’ ಎಂಬುದನ್ನು ಹಾಗೇ ಎತ್ತಿ ಹಾಕಬೇಡಿ. ಅದು ಅಮೆರಿಕದ ಕೆಲವು ಪ್ರದೇಶಗಳಲ್ಲಿ ಎಂಟು ವರ್ಷದ ಮಕ್ಕಳ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2021ಕ್ಕೆ ಕೊಡುವ ಅಂದಾಜು ಜಗತ್ತಿನಲ್ಲಿ 127 ಜನರಲ್ಲಿ ಒಬ್ಬರು. 2011ರ ಜನಗಣತಿಯಂತೆ ಕೊಪ್ಪಳ ಜಿಲ್ಲೆಯ ಜನಸಂಖ್ಯೆ ಸುಮಾರು 13.9 ಲಕ್ಷ, ಭಾಗಿಸಿದರೆ ಹತ್ತಿರಹತ್ತಿರ 11 ಸಾವಿರ. ಇದು ಬರೀ ಅಂದಾಜು, ಮನೆಮನೆ ಎಣಿಸಿದ್ದಲ್ಲ. ಆ ಜನಗಣತಿಯಲ್ಲಿ ಆಟಿಸಂಗೆ ಪ್ರತ್ಯೇಕ ಕಾಲಂ ಕೂಡ ಇರಲಿಲ್ಲ. ಈಗ ಅಂಗವಿಕಲರ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ, ಆಟಿಸಂ ಎಂದು ನಮೂದಾದ ಯುಡಿಐಡಿ ಕಾರ್ಡ್ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಜಿಲ್ಲೆಯಲ್ಲಿ ಎಷ್ಟಿವೆ ಎಂದು ಕೇಳಿ. ಎರಡು ಸಂಖ್ಯೆಗಳ ನಡುವಿನ ಅಂತರವೇ ನಿಮ್ಮ ಸುದ್ದಿ.

ಹೀಗೆ ಕೇಳಬೇಕಾದ ಪ್ರಶ್ನೆಗಳು ಇನ್ನೂ ಇವೆ. ಡಿಇಐಸಿಯಲ್ಲಿ ವಾಕ್-ಶ್ರವಣ ತಜ್ಞರು, ಮನಃಶಾಸ್ತ್ರಜ್ಞರು, ವಿಶೇಷ ಶಿಕ್ಷಕರ ಹುದ್ದೆಗಳಲ್ಲಿ ಎಷ್ಟು ಭರ್ತಿ? ಕಳೆದ ವರ್ಷ ಅನುಮಾನಿತರೆಂದು ಕಳಿಸಿದ ಮಕ್ಕಳಲ್ಲಿ ಎಷ್ಟು ಜನ ತಲುಪಿದರು, ಎಷ್ಟು ಜನ ಥೆರಪಿಗೆ ವಾರಕ್ಕೊಮ್ಮೆಯಾದರೂ ಬರುತ್ತಿದ್ದಾರೆ? 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಸಮಿತಿ ಇದೆ, 18 ದಾಟಿದವರಿಗೆ ಕಾನೂನು ಪಾಲಕರನ್ನು ನೇಮಿಸುವುದು ಅದರ ಕೆಲಸ. ಅದು ಕೊನೆಯದಾಗಿ ಸೇರಿದ್ದು ಯಾವಾಗ? ಅದೇ ಕಾಯ್ದೆಯ ನಿರಾಮಯ ಆರೋಗ್ಯ ವಿಮೆಯಲ್ಲಿ ಚಿಕಿತ್ಸೆಗೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಎಷ್ಟು ಕುಟುಂಬಗಳು ನೋಂದಾಯಿಸಿವೆ? ಅಂಗವಿಕಲರಿಗಾಗಿ ಕೆಲಸ ಮಾಡುವ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು (ವಿಆರ್‌ಡಬ್ಲ್ಯೂ), ತಾಲ್ಲೂಕಿನ ಪುನರ್ವಸತಿ ಕಾರ್ಯಕರ್ತರು (ಎಂಆರ್‌ಡಬ್ಲ್ಯೂ), ಬಿಇಒ ಕಚೇರಿಯ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರನ್ನು (ಬಿಐಇಆರ್‌ಟಿ) ಮಾತಾಡಿಸಿ. ಯಾವ ಊರಿನ ಯಾವ ಮನೆಯಲ್ಲಿ ಮಗು ಶಾಲೆ ಬಿಟ್ಟು ಕೂತಿದೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಅಂಗವೈಕಲ್ಯ ಪ್ರಮಾಣಪತ್ರದ ವಿಷಯದಲ್ಲೂ ಜನರಿಗೆ ಗೊಂದಲ. ಆಟಿಸಂ ಎಷ್ಟು ತೀವ್ರ ಎಂದು ಅಳೆಯುವ ಐಸಾ ಎಂಬ ಭಾರತೀಯ ಮಾಪನದಲ್ಲಿ 40 ಅಂಶಗಳಿವೆ, ಒಂದೊಂದಕ್ಕೆ 1ರಿಂದ 5 ಅಂಕ. 70ರಿಂದ 106 ಬಂದರೆ ಲಘು, 107ರಿಂದ 153 ಮಧ್ಯಮ, ಅದರ ಮೇಲೆ ತೀವ್ರ. ವೈದ್ಯರ ಮುಂದೆ ಮಗು ಹತ್ತು ನಿಮಿಷ ಸುಮ್ಮನಿದ್ದರೆ ಅಂಕ ತಪ್ಪಾಗಿ ಬೀಳುವ ಸಾಧ್ಯತೆ ಇದೆ. ಮನೆಯಲ್ಲಿ ಊಟ, ಸ್ನಾನ, ನಿದ್ದೆ ಹೊತ್ತಿನ ವರ್ತನೆಯನ್ನು ಎರಡೆರಡು ನಿಮಿಷ ವಿಡಿಯೊ ಮಾಡಿಕೊಂಡು ಹೋಗಿ ತೋರಿಸಿ ಎಂದು ಬರೆಯಿರಿ. ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು ಸ್ವಾವಲಂಬನ್ ಎಂಬ ಸರ್ಕಾರಿ ಪೋರ್ಟಲ್‌ನಲ್ಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಆಟಿಸಂ ಒಂದು. ಜಾಗೃತಿ ಅಭಿಯಾನ ನಡೆಸುವುದು ಸರ್ಕಾರದ ಹೊಣೆ ಎಂದು ಅದರ 39ನೇ ಕಲಂ ಹೇಳುತ್ತದೆ. ವಾರ್ತಾ ಇಲಾಖೆಯವರು ಗಮನಿಸಬೇಕು.

ಅದೇ ವಿಡಿಯೊ ಯೂಟ್ಯೂಬ್‌ಗೆ ಬಂದರೆ ಕಥೆ ಬೇರೆ. ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ಮಗು ನೆಲಕ್ಕೆ ಬಿದ್ದು ಕಿರುಚುತ್ತಿದ್ದರೆ ಅದು ಹಟವಲ್ಲ, ಗದ್ದಲ ತಾಳದೆ ಆದದ್ದು. ಸುತ್ತ ಮೊಬೈಲ್ ಹಿಡಿದು ನಿಂತರೆ ಇನ್ನೂ ಹೆಚ್ಚಾಗುತ್ತದೆ. ಅದನ್ನು ಹಾಕಬೇಡಿ, ಮುಖ ಮಸುಕು ಮಾಡಿಯೂ ಹಾಕಬೇಡಿ. ಊರಿನವರಿಗೆ ಅಂಗಿಯಿಂದಲೇ ಗೊತ್ತಾಗುತ್ತದೆ. ಅಂಗವಿಕಲರನ್ನು ದೃಶ್ಯಮಾಧ್ಯಮ ಹೇಗೆ ತೋರಿಸಬೇಕು ಎಂಬ ಬಗ್ಗೆ ಸುಪ್ರೀಂ ಕೋರ್ಟ್ 2024ರ ಜುಲೈ 8ರಂದು ಮಾರ್ಗಸೂಚಿ ಕೊಟ್ಟಿದೆ. ಸಾರ್ವಜನಿಕವಾಗಿ ಬೇಕೆಂದೇ ಅವಮಾನಿಸಿದರೆ 2016ರ ಕಾಯ್ದೆಯ 92ನೇ ಕಲಂನಂತೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು.

ಮನೆಗೆ ಚಿತ್ರೀಕರಣಕ್ಕೆ ಹೋಗುವುದಿದ್ದರೆ ಒಬ್ಬರೇ ಹೋಗಿ, ಹೇಳಿದ ವೇಳೆಗೇ ಹೋಗಿ, ಫ್ಲ್ಯಾಶ್ ಬೇಡ. ‘ಕೈ ಆಡಿಸು, ನೋಡೋಣ’ ಎಂದು ಮಗುವಿಗೆ ಹೇಳಬೇಡಿ. ಆಡಿಸುತ್ತಿದ್ದರೆ ನಿಲ್ಲಿಸಲೂ ಹೇಳಬೇಡಿ. ಅವನ ಎದುರೇ ‘ಇವನಿಗೆ ಏನೂ ತಿಳಿಯಲ್ಲವಾ?’ ಎಂದು ಕೇಳಬಾರದು. ಮಾತಾಡದ ಎಷ್ಟೋ ಮಕ್ಕಳಿಗೆ ಕೇಳಿಸಿಕೊಂಡದ್ದು ಅರ್ಥವಾಗುತ್ತದೆ. ‘ಪೀಡಿತ’, ‘ಬಳಲುತ್ತಿರುವ’ ಬದಲು ‘ಆಟಿಸಂ ಇರುವ’ ಎಂದರೆ ಸಾಕು. ‘ದೇವರ ಮಗು’, ‘ಗಣಿತದ ಪವಾಡ’ ಎರಡೂ ಬೇಡ. ಹೆಣ್ಣುಮಕ್ಕಳಲ್ಲಿ ಇದು ತಡವಾಗಿ ಗುರುತಾಗುತ್ತದೆ, ‘ಅವಳು ಬಾಳ ಸುಮ್ನಿರ್ತಾಳ’ ಎಂದು ಬಿಡುತ್ತಾರೆ. ನಿಮ್ಮ ಫೋಟೊಗಳಲ್ಲಿ ಬರೀ ಗಂಡುಹುಡುಗರಿರುವುದನ್ನು ಒಮ್ಮೆ ನೋಡಿ. ಮೂವತ್ತು ವರ್ಷದವರಲ್ಲೂ ಆಟಿಸಂ ಇದೆ. ಅವರನ್ನೂ ಮಾತಾಡಿಸಿ.

ಪತ್ರಿಕೆಯವರಿಗೆ ಇನ್ನೊಂದು ಕೆಲಸ ಹೇಳುತ್ತೇವೆ, ಖರ್ಚು ಹೆಚ್ಚಿಲ್ಲ. ಭಾನುವಾರದ ಪುರವಣಿಯಲ್ಲಿ ಕತ್ತರಿಸಿ ತೆಗೆಯುವಂತೆ ಆರು ಸೆಂಟಿಮೀಟರ್ ಚೌಕದ ಚಿತ್ರಚೀಟಿಗಳನ್ನು ಅಚ್ಚು ಹಾಕಿ: ನೀರು, ರೊಟ್ಟಿ, ಸಂಡಾಸ್, ನೋವು, ಸಾಕು, ಹೊರಗೆ. ನೀರೆಂದರೆ ಸ್ಟೀಲ್ ಲೋಟದ ಫೋಟೊ, ಗಾಜಿನ ಗ್ಲಾಸಿನದಲ್ಲ. ರೊಟ್ಟಿ ಜೋಳದ್ದಿರಲಿ. ಹಿಂದೆ ಹೂವಿನ ಚಿತ್ತಾರ, ನಗುವ ಸೂರ್ಯ ಬೇಡ, ಮಗುವಿನ ಕಣ್ಣು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬಿಳಿ ಹಿನ್ನೆಲೆ, ಒಂದು ವಸ್ತು. ತಾಯಿ ಅದನ್ನು ಹಳೆಯ ಲಗ್ನಪತ್ರಿಕೆಯ ರಟ್ಟಿಗೆ ಅಂಟಿಸಿ ಮೇಲೆ ಸೆಲ್ಲೋಟೇಪ್ ಹಾಕಿದರೆ ತಿಂಗಳುಗಟ್ಟಲೆ ಬಾಳುತ್ತದೆ. ಬಳಸುವ ಕ್ರಮವನ್ನು ಪಕ್ಕದಲ್ಲೇ ಕೊಡಿ. ಒಂದೇ ಚೀಟಿಯಿಂದ, ಮಗುವಿಗೆ ತೀರಾ ಇಷ್ಟವಾದದ್ದರಿಂದ ಶುರುಮಾಡಬೇಕು. ಒಬ್ಬರು ವಸ್ತು ಹಿಡಿದು ಎದುರು ಕೂರಬೇಕು, ಇನ್ನೊಬ್ಬರು ಹಿಂದೆ ಕೂತು ಮಗುವಿನ ಕೈಯಿಂದ ಚೀಟಿ ಎತ್ತಿ ಕೊಡಿಸಬೇಕು. ಚೀಟಿ ಕೈಗೆ ಬಂದ ತಕ್ಷಣ ‘ರೊಟ್ಟಿ’ ಎಂದು ಹೇಳಿ ರೊಟ್ಟಿ ಕೊಡಬೇಕು. ಸಾಮಾನ್ಯವಾಗಿ ಕೆಡುವುದು ಎಲ್ಲಿ ಎಂದರೆ, ತಾಯಿ ಚೀಟಿಯನ್ನು ತಾನೇ ಹಿಡಿದು ‘ಇದೇನು ಹೇಳು?’ ಎಂದು ಪರೀಕ್ಷೆ ಮಾಡುತ್ತಾಳೆ. ಕೇಳುವುದು ಮಗುವಿನ ಕೆಲಸ, ಆಕೆಯದಲ್ಲ. ಚಿತ್ರ ಕೊಟ್ಟರೆ ಮಾತು ಬರುವುದು ನಿಲ್ಲುತ್ತದೆ ಎಂಬ ಭಯ ಬೇಡ ಎಂದೂ ಬರೆಯಿರಿ, ಹಾಗೆ ಆಗುವುದಿಲ್ಲ.

ಕೊನೆಯದು ಎಲ್ಲಕ್ಕಿಂತ ತುರ್ತಿನದು: ಕಾಣೆಯಾದ ಮಗು. ಆಟಿಸಂ ಇರುವ ಮಕ್ಕಳು ಹೇಳದೆ ಕೇಳದೆ ನಡೆದುಬಿಡುವುದು ಹೆಚ್ಚು; 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ನಾಲ್ಕು ವರ್ಷ ದಾಟಿದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಒಮ್ಮೆಯಾದರೂ ಹಾಗೆ ಹೊರಟಿದ್ದರು. ಅವರಲ್ಲಿ ಎಷ್ಟೋ ಮಕ್ಕಳನ್ನು ನೀರು ಸೆಳೆಯುತ್ತದೆ, ಹೀಗೆ ಹೋದ ಮಕ್ಕಳ ಸಾವುಗಳಲ್ಲಿ ಮುಳುಗಿ ಸತ್ತದ್ದೇ ಹೆಚ್ಚು. ನಮ್ಮಲ್ಲಿ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿಯವರೆಗೆ ತುಂಗಭದ್ರಾ ಎಡದಂಡೆ ಕಾಲುವೆ. ಬಳ್ಳಾರಿ ಕಡೆ ಮೇಲ್ಮಟ್ಟದ (ಎಚ್‌ಎಲ್‌ಸಿ), ಕೆಳಮಟ್ಟದ (ಎಲ್‌ಎಲ್‌ಸಿ) ಕಾಲುವೆಗಳು. ದೇವದುರ್ಗ ಕಡೆ ನಾರಾಯಣಪುರ ಬಲದಂಡೆ ಕಾಲುವೆ. ಹೊಲಗಳಲ್ಲಿ ಬೇಲಿಯಿಲ್ಲದ ಕೃಷಿ ಹೊಂಡ. ಮನೆಯವರು ಮೊದಲು ನೆಂಟರ ಮನೆ, ಬಸ್ ನಿಲ್ದಾಣ ಹುಡುಕುತ್ತಾರೆ. ಮೊದಲು ಹೋಗಬೇಕಾದದ್ದು ಹತ್ತಿರದ ನೀರಿನ ಕಡೆ. ಇನ್ನೊಬ್ಬರು ಅದೇ ಹೊತ್ತಿಗೆ 112ಕ್ಕೆ ಕರೆ ಮಾಡಬೇಕು; 1098 ಮಕ್ಕಳ ಸಹಾಯವಾಣಿಯೂ ಇದೆ.

‘ನೀಲಿ ಅಂಗಿ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು, ಕನ್ನಡ ಮಾತನಾಡುತ್ತಾನೆ’ ಎಂಬ ಪೊಲೀಸ್ ಪ್ರಕಟಣೆಯ ಅಚ್ಚು ಇಲ್ಲಿ ಕೆಲಸಕ್ಕೆ ಬಾರದು. ನೀವು ಸೇರಿಸಬೇಕಾದದ್ದು ಇಷ್ಟು: ಕರೆದರೆ ಓಗೊಡುವುದಿಲ್ಲ, ಹೆಸರು-ಊರು ಹೇಳುವುದಿಲ್ಲ. ಜೋರಾಗಿ ಕೂಗಬೇಡಿ, ಹಿಂದಿನಿಂದ ಹಿಡಿಯಬೇಡಿ, ಓಡುತ್ತಾನೆ. ಎದುರಿನಿಂದ ಮೆಲ್ಲಗೆ ಹೋಗಿ ಅವನಿಗೆ ಇಷ್ಟವಾದ ವಸ್ತು ತೋರಿಸಿ. ಆ ವಸ್ತು ಬಿಸ್ಕತ್ತೋ, ಬಾಟಲಿ ಮುಚ್ಚಳವೋ, ಮನೆಯವರನ್ನು ಕೇಳಿ ಬರೆಯಿರಿ. ಕಾಲುವೆ ಗೇಟಿನ ಬಳಿ ಇರುವವರು, ಕಾಲುವೆ ಕಾಯುವ ಲಸ್ಕರ್‌ಗಳು ಗಮನಿಸಲಿ ಎಂದು ಮೊದಲ ಸಾಲಲ್ಲೇ ಹಾಕಿ. ಪ್ರಕಟಣೆ ಮರುದಿನದ ಪತ್ರಿಕೆಗೆ ಕಾಯಬಾರದು, ಒಂದು ತಾಸಿನೊಳಗೆ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೆ, ಯೂಟ್ಯೂಬ್ ಪುಟಕ್ಕೆ ಹೋಗಬೇಕು. ಪೋಸ್ಟ್‌ನಲ್ಲಿ ದಿನಾಂಕ, ವೇಳೆ ಇರಲಿ. ಇಲ್ಲದಿದ್ದರೆ ಎರಡು ವರ್ಷದ ನಂತರವೂ ಅದು ಸುತ್ತುತ್ತಲೇ ಇರುತ್ತದೆ. ಮಗು ಸಿಕ್ಕ ದಿನವೇ ‘ಸಿಕ್ಕಿದ್ದಾನೆ’ ಎಂದು ಹಾಕಿ, ಹಳೆಯ ಫೋಟೊ ಇರುವ ಪೋಸ್ಟ್ ಅಳಿಸಿ.

ಇಂತಿ,
ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಆಟಿಸಂ ಇರುವ ಮಕ್ಕಳೊಂದಿಗೆ ಕೆಲಸ ಮಾಡುವ ವಿಶೇಷ ಶಿಕ್ಷಕರು, ವಾಕ್ ಥೆರಪಿಸ್ಟರು ಮತ್ತು ಪೋಷಕರು